ದೂತವಾಕ್ಯದ ಕರ್ತೃತ್ವ: ಯುದ್ಧಪೂರ್ವದಲ್ಲಿ ಭರತ-ಬಾಹುಬಲಿಗಳ ಮಾತು

ಭರತೇಶ್ವರನನ್ನು ಗರ್ವಿಯೆಂದೂ ಬಾಹುಬಲಿಯನ್ನು ಅಭಿಮಾನಧನನೆಂದೂ ಹೇಳುವುದು ಕನ್ನಡ ವಿಮರ್ಶೆಯಲ್ಲಿ ರೂಢಿಯಾಗಿಬಿಟ್ಟಿದೆ. ಪಠ್ಯಪುಸ್ತಕಗಳ ಪೀಠಿಕೆಗಳಲ್ಲಿಯೂ ಗಮಕಿಗಳ ವ್ಯಾಖ್ಯಾನಗಳಲ್ಲಿಯೂ ಈ ತೀರ್ಪು ಮತ್ತೆ ಮತ್ತೆ ಕೇಳಿಬರುತ್ತದೆ. ಇದಕ್ಕೆ ಮುಖ್ಯ ಆಧಾರವೆಂದರೆ ಯುದ್ಧಕ್ಕೆ ಮುಂಚೆ ಪೌದನಪುರದ ಆಸ್ಥಾನದಲ್ಲಿ ನಡೆದ ವಾಗ್ವಾದ. ಆದರೆ ಆ ಆಸ್ಥಾನದಲ್ಲಿ ಭರತನು ಇರಲಿಲ್ಲ. ಅಲ್ಲಿ ಮಾತಾಡಿದವರು ಇಬ್ಬರು: ಒಬ್ಬನು ಬಾಹುಬಲಿ, ಇನ್ನೊಬ್ಬನು ದೂತ. ಬಾಹುಬಲಿಯ ಮಾತು ಬಾಹುಬಲಿಯದೇ ಎಂಬುದರಲ್ಲಿ ಸಂದೇಹವಿಲ್ಲ. ದೂತನ ಬಾಯಿಂದ ಬಂದ ಬೆದರಿಕೆ ಯಾರದು ಎಂಬುದು ಮಾತ್ರ ವಿಚಾರಣೀಯವಾದ ವಿಷಯ. ಭರತನು ತದ್ಭವ ಮೋಕ್ಷಗಾಮಿ. ದೀಕ್ಷೆಗೊಂಡ ಅಂತರ್ಮುಹೂರ್ತದಲ್ಲಿ ಕೇವಲಜ್ಞಾನವನ್ನು ಪಡೆದವನೆಂದು ಪುರಾಣಗಳು ಸಾರುತ್ತವೆ. ಅಂಥವನ ಮೇಲೆ ಭ್ರಾತೃದ್ರೋಹದ ನುಡಿಯನ್ನು ಹೊರಿಸುವ ಮೊದಲು ಆ ನುಡಿಯ ಒಡೆತನವನ್ನು ನಿಶ್ಚಯಿಸಿಕೊಳ್ಳುವುದು ನ್ಯಾಯ.

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಈ ಕಥಾಭಾಗವು ೩೪, ೩೫ ಮತ್ತು ೩೬ನೆಯ ಪರ್ವಗಳಲ್ಲಿ ಹರಡಿಕೊಂಡಿದೆ. ಮೊದಲನೆಯದರಲ್ಲಿ ಚಕ್ರರತ್ನವು ಅಯೋಧ್ಯೆಯ ದ್ವಾರದಲ್ಲಿ ತಡೆದು ನಿಲ್ಲುತ್ತದೆ. ಪುರೋಹಿತನು ಕಾರಣವನ್ನು ಅರುಹುತ್ತಾನೆ. ಇತರ ಸಹೋದರರು ಅಣ್ಣನ ಆಜ್ಞೆಯನ್ನು ಕೇಳಿ, ರಾಜ್ಯವನ್ನಿತ್ತ ತಂದೆಯನ್ನೇ ವಿಚಾರಿಸುವೆವೆಂದು ಆದಿದೇವನ ಬಳಿಗೆ ಹೋಗಿ ದೀಕ್ಷೆ ಹೊಂದುತ್ತಾರೆ. ಅವರ ಉತ್ತರದಲ್ಲಿ ವಾದವಿಲ್ಲ. ವಾದವೆಲ್ಲವೂ ಬಾಹುಬಲಿಯ ಪಾಲಿಗೆ ಉಳಿದು ೩೫ನೆಯ ಪರ್ವವನ್ನು ತುಂಬಿಕೊಂಡಿದೆ. ಈ ಪರ್ವದ ಆರಂಭದಲ್ಲಿ ಭರತನು ತನ್ನೊಳಗೇ ಆಲೋಚಿಸುತ್ತಾನೆ. ಉಳಿದ ತಮ್ಮಂದಿರಂತೆ ಇವನಲ್ಲ, ಇವನನ್ನು ಬೇರೆ ಬಗೆಯಿಂದ ಸಾಧಿಸಬೇಕು ಎಂಬುದು ಆ ಆಲೋಚನೆಯ ಸಾರ. ಬಳಿಕ ದೂತನೊಬ್ಬನನ್ನು ಕಳುಹುತ್ತಾನೆ. ಆ ದೂತನನ್ನು ಆಚಾರ್ಯರು ಕರೆಯುವ ಹೆಸರು 'ನಿಸೃಷ್ಟಾರ್ಥ'.

ಈ ಪದವನ್ನು ಕೇವಲ ವಿಶೇಷಣವೆಂದು ದಾಟಿಹೋಗುವಂತಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ದೂತರನ್ನು ಮೂರು ಬಗೆಯಾಗಿ ವಿಂಗಡಿಸಲಾಗಿದೆ. ಅಮಾತ್ಯನಿಗೆ ಇರಬೇಕಾದ ಗುಣಗಳೆಲ್ಲವೂ ಇರುವವನು ನಿಸೃಷ್ಟಾರ್ಥ. ಅವುಗಳಲ್ಲಿ ಕಾಲುಭಾಗ ಕಡಿಮೆಯಾದವನು ಪರಿಮಿತಾರ್ಥ. ಅರ್ಧ ಕಡಿಮೆಯಾದವನು ಶಾಸನಹರ. ಮೊದಲನೆಯವನಿಗೆ ಕಾರ್ಯವನ್ನು ಒಪ್ಪಿಸಿಕೊಟ್ಟು, ಸಂದರ್ಭಕ್ಕೆ ತಕ್ಕಂತೆ ಮಾತನ್ನು ಬೆಳೆಸುವ ಅಧಿಕಾರವನ್ನೂ ಕೊಡಲಾಗಿರುತ್ತದೆ. ಕೊನೆಯವನು ಓಲೆಯನ್ನೋ ಮಾತನ್ನೋ ಹೊತ್ತು ತಲುಪಿಸುವವನು ಮಾತ್ರ. ಹಾಗಾದರೆ ಭರತನು ಪೌದನಪುರಕ್ಕೆ ಕಳುಹಿದ್ದು ಸ್ವತಂತ್ರವಾಗಿ ನುಡಿಯಬಲ್ಲ ಮೊದಲನೆಯ ದರ್ಜೆಯ ದೂತನನ್ನು.

ಆಶ್ಚರ್ಯದ ಸಂಗತಿಯೆಂದರೆ, ಇದೇ ದೂತನು ಬಾಹುಬಲಿಯ ಮುಂದೆ ನಿಂತೊಡನೆ ತಾನು ಮಾತನ್ನು ಹೊರುವವನು ಮಾತ್ರ, ಒಡೆಯನ ಶಾಸನವನ್ನು ತರುವವನು, ಗುಣದೋಷಗಳನ್ನು ವಿವೇಚಿಸುವುದರಲ್ಲಿ ಮಂದಬುದ್ಧಿಯವನು ಎಂಬ ಭಾವದ ಮಾತುಗಳಿಂದ ಆರಂಭಿಸುತ್ತಾನೆ. ಕವಿಯು ನಿಸೃಷ್ಟಾರ್ಥನೆಂದು ಹೇಳಿದವನು ತನ್ನನ್ನು ಶಾಸನಹರನೆಂದು ಪರಿಚಯಿಸಿಕೊಳ್ಳುತ್ತಾನೆ. ಇದನ್ನು ಜಿನಸೇನರ ಅನವಧಾನವೆಂದು ಭಾವಿಸುವುದು ಸರಿಯಲ್ಲ. ರಾಷ್ಟ್ರಕೂಟ ಅಮೋಘವರ್ಷನಿಗೆ ಗುರುಸ್ಥಾನದಲ್ಲಿದ್ದ ಆಚಾರ್ಯರಿಗೆ ರಾಜಸಭೆಯ ಮಾತಿನ ಮರ್ಮ ಚೆನ್ನಾಗಿ ತಿಳಿದಿತ್ತು. ದೂತನು ಮೊದಲೇ ಈ ವಿನಯವನ್ನು ಮುಂದಿಟ್ಟುದರಿಂದ, ಮುಂದೆ ತಾನು ನುಡಿಯಲಿರುವ ಕಟುವಾಕ್ಯಗಳ ಹೊಣೆಯನ್ನು ಅಯೋಧ್ಯೆಗೆ ವರ್ಗಾಯಿಸಿದಂತಾಯಿತು. ಅತ್ತ ಭರತನಿಗೂ, ಕಾರ್ಯ ಕೆಟ್ಟರೆ, ಹಾಗೆ ಹೇಳೆಂದು ತಾನು ಹೇಳಿರಲಿಲ್ಲವೆನ್ನಲು ಅವಕಾಶ ಉಳಿಯಿತು. ಮಾತು ಯಾರದೂ ಅಲ್ಲದೆ ಸಭೆಯ ನಡುವೆ ಬಿದ್ದಿದೆ.

ದೂತನ ಭಾಷಣದ ಕ್ರಮವು ಪರಿಚಿತವಾದುದೇ. ಹಿರಿಯತನ, ಷಟ್ಖಂಡ ವಿಜಯ, ದೇವತೆಗಳೂ ತಲೆಬಾಗಿದ ವೈಭವ, ತಮ್ಮನಿಲ್ಲದೆ ಆ ವೈಭವಕ್ಕೆ ಶೋಭೆಯಿಲ್ಲವೆಂಬ ಆದರ, ಕಡೆಯಲ್ಲಿ ನಮಿಸದವರ ಗತಿಯೇನಾಗುತ್ತದೆಂಬ ಸೂಚನೆ. ಇದರಲ್ಲಿ ವಿಸ್ತರಿಸಿ ಹೇಳಬೇಕಾದುದು ಹೆಚ್ಚೇನಿಲ್ಲ.

ಬಾಹುಬಲಿಯ ಉತ್ತರವು ಅದಕ್ಕಿಂತ ಎಷ್ಟೋ ಮೇಲಿನ ಮಟ್ಟದ್ದು. ಸಾಮಾನ್ಯವಾಗಿ ವಿಮರ್ಶಕರು ಅದರ ವೀರಾವೇಶವನ್ನು ಕೊಂಡಾಡುತ್ತಾರೆ. ಆದರೆ ಆ ಉತ್ತರದ ಮೊದಲ ಹೆಜ್ಜೆ ಆವೇಶದ್ದಲ್ಲ, ವಿಶ್ಲೇಷಣೆಯದು. ಸಾಮವನ್ನು ಮುಂದಿರಿಸಿಕೊಂಡು ಅದರೊಳಗೇ ಭೇದವನ್ನೂ ದಂಡವನ್ನೂ ಪ್ರಯೋಗಿಸಿದ ದೂತನು ತನ್ನ 'ಸ್ವಾತಂತ್ರ್ಯ'ವನ್ನು ತೋರಿಸಿದನೆಂದು ಬಾಹುಬಲಿಯು ಎತ್ತಿ ಹೇಳುತ್ತಾನೆ. ಶಾಸನಹರನೆಂಬ ಸೋಗು ಇಲ್ಲಿಗೆ ಕಳಚಿಬಿದ್ದಿತು. ಅಷ್ಟಕ್ಕೇ ನಿಲ್ಲದೆ, ನೀನು ಸ್ವತಂತ್ರನಾದ ಒಡೆಯನ ಅಂತರಂಗದವನೇ ಸರಿ, ಇಲ್ಲದಿದ್ದರೆ ಅವನ ಒಳಗಿನ ಅಭಿಪ್ರಾಯವನ್ನು ಹೀಗೆ ಹೊರಗೆಡಹುವುದು ಹೇಗೆ ಎಂಬ ಅರ್ಥದ ಮಾತನ್ನಾಡುತ್ತಾನೆ. ಎರಡು ಬಾಗಿಲುಗಳೂ ಒಮ್ಮೆಗೇ ಮುಚ್ಚಿಹೋದವು. ಮಾತು ನಿನ್ನದು, ಆದ್ದರಿಂದ ಅವನದೂ ಹೌದು. ದೂತವಾಕ್ಯದ ಕರ್ತೃತ್ವದ ಪ್ರಶ್ನೆಯನ್ನು ಮೊದಲು ಎತ್ತಿದವನು ಆಧುನಿಕ ಸಂಪಾದಕನಲ್ಲ, ಬಾಹುಬಲಿಯೇ ಎಂದಂತಾಯಿತು.

ಮುಂದೆ ಬರುವ ವಾದಗಳಲ್ಲಿ ಎರಡು ಗಮನಾರ್ಹವಾದವು. ಆದಿಬ್ರಹ್ಮನು ರಾಜನೆಂಬ ಹೆಸರನ್ನು ತನಗೂ ಅಣ್ಣನಿಗೂ ಸಮನಾಗಿ ಹಂಚಿಕೊಟ್ಟಿರುವಾಗ ಈಗ ಅವನೊಬ್ಬನು ರಾಜರಾಜನೆನಿಸಿಕೊಳ್ಳುವುದು ಗಂಟಿನ ಮೇಲೆ ಮತ್ತೊಂದು ಕುರುವೆದ್ದಂತೆ ಎಂಬ ಹಾಸ್ಯ ಮೊದಲನೆಯದು. ಹಾಸ್ಯವಾದರೂ ಇದು ದಾಯಭಾಗದ ನ್ಯಾಯವೇ ಆಗಿದೆ: ತಂದೆ ಕೊಟ್ಟುದನ್ನು ಅಣ್ಣನು ಪುನಃ ಕೊಡಲಾರ. ಎರಡನೆಯದು ನಮಸ್ಕಾರದ ಪ್ರಶ್ನೆ. ಹಿರಿಯನು ವಂದ್ಯನೆಂಬುದನ್ನು ಬಾಹುಬಲಿಯು ಅಲ್ಲಗಳೆಯುವುದಿಲ್ಲ. ಬೇರೆ ಯಾವಾಗಲಾದರೂ ಅದು ಸಲ್ಲತಕ್ಕುದೇ. ತಲೆಯ ಮೇಲೆ ಖಡ್ಗವನ್ನಿಟ್ಟು ಮಾಡಿಸಿಕೊಳ್ಳುವ ನಮಸ್ಕಾರವು ಯಾವ 'ಕ್ರಮ' ಎಂದು ಕೇಳುತ್ತಾನೆ.

ಈ ಎರಡನೆಯ ಭಾವವನ್ನು ಪಂಪನು ತನ್ನ ಆದಿಪುರಾಣದ (೯೪೧) ೧೪ನೆಯ ಆಶ್ವಾಸದಲ್ಲಿ ಕಂದಪದ್ಯವೊಂದಕ್ಕೆ ಇಳಿಸಿದ್ದಾನೆ. ಕನ್ನಡಿಗರಿಗೆ ಆ ಪದ್ಯವು ಕಂಠಸ್ಥವಾಗಿರುವುದರಿಂದ ಅದನ್ನು ಇಲ್ಲಿ ಉದ್ಧರಿಸುವ ಅಗತ್ಯವಿಲ್ಲ. ಪಂಪನು ಮೂಲವನ್ನು ಅನುಸರಿಸಿದ್ದಾನೆಂಬುದು ಸ್ಪಷ್ಟ. ಆದರೆ ಅನುವಾದವೆಂದು ಬಿಟ್ಟುಬಿಟ್ಟರೆ ಒಂದು ಮುಖ್ಯವಾದ ವ್ಯತ್ಯಾಸ ಕಾಣದೆ ಹೋಗುತ್ತದೆ. ಜಿನಸೇನರ ಬಾಹುಬಲಿಯು ಕೇಳುವುದು ಕ್ರಮದ ಪ್ರಶ್ನೆ: ಇದು ಶಾಸ್ತ್ರವಿಹಿತವೇ, ಅಲ್ಲವೇ? ಪಂಪನ ಬಾಹುಬಲಿಯ ಆಕ್ಷೇಪ ಅಂಜಿಕೆಯ ವಿಷಯದ್ದು: ಕತ್ತಿಯ ಕೆಳಗೆ ಬಾಗಿದರೆ ಅದು ಭಯವಲ್ಲವೇ? ಮೊದಲನೆಯವನು ಭರತನ ನಡತೆಯನ್ನು ತೂಗುತ್ತಿದ್ದಾನೆ, ಎರಡನೆಯವನು ತನ್ನ ನಡತೆಯನ್ನು. ಸಭೆಯಲ್ಲಿ ಕೇಳುತ್ತಿರುವವರ ದೃಷ್ಟಿಯಿಂದ ಈ ಬದಲಾವಣೆ ಚಿಕ್ಕದಲ್ಲ. ಆಚಾರ್ಯರ ಸಭಿಕರು ನೀತಿಜ್ಞರು. ಪಂಪನ ಸಭಿಕರು, ಚಾಲುಕ್ಯ ಅರಿಕೇಸರಿಯ ಆಸ್ಥಾನದವರಂತೆ, ಅಂಜಿದವನೆಂಬ ಮಾತನ್ನು ಸಾವಿಗಿಂತ ಹೀನವೆಂದು ಎಣಿಸುವವರು. ನೀತಿಶಾಸ್ತ್ರದ ವಾದಸರಣಿಯನ್ನು ಪಂಪನು ಬಹುಮಟ್ಟಿಗೆ ಕೈಬಿಟ್ಟುದರಿಂದ ದೂತನ ಸ್ವಾತಂತ್ರ್ಯದ ಪ್ರಶ್ನೆಯೂ ಹಿಂದೆ ಸರಿಯಿತು. ಆದ್ದರಿಂದಲೇ ಕನ್ನಡದಲ್ಲಿ ಈ ಪ್ರಸಂಗವನ್ನು ಓದಿದವರಿಗೆ ದೂತನ ನುಡಿಯೇ ಭರತನ ನುಡಿಯಾಗಿ ತೋರಿತು. ಭರತನು ಗರ್ವಿಯೆಂಬ ತೀರ್ಪು ನೆಲೆಗೊಂಡುದು ಇಲ್ಲಿಂದ ಎಂದು ಹೇಳಲು ಅಡ್ಡಿಯಿಲ್ಲ. ಚಾವುಂಡರಾಯಪುರಾಣವು (೯೭೮) ಸಂಗ್ರಹರೂಪದ ಗದ್ಯವಾದುದರಿಂದ ಈ ಚರ್ಚೆಗೆ ಅದನ್ನು ಎಳೆತರಬೇಕಾದುದಿಲ್ಲ.

ಪಂಪನಿಗೆ ಯುದ್ಧಪೂರ್ವದ ಸಭಾಭಾಷಣವನ್ನು ದೂತನಿಲ್ಲದೆ ನಡೆಸಲು ಬರುತ್ತಿರಲಿಲ್ಲವೆಂದಲ್ಲ. ವಿಕ್ರಮಾರ್ಜುನ ವಿಜಯದಲ್ಲಿ ಭೀಷ್ಮನಿಗೆ ಸೇನಾಪತ್ಯದ ಪಟ್ಟ ಕಟ್ಟಿದಾಗ ಕರ್ಣನು ಎದ್ದು ವೃದ್ಧನನ್ನು ಹಳಿಯುವುದು, ದ್ರೋಣನು ಕುಲವನ್ನು ಎತ್ತಿ ಆಡುವುದು, ಕರ್ಣನು ಕುಲವೆಂಬುದೇನೆಂದು ತಿರುಗಿ ಕೇಳುವುದು, ಇವೆಲ್ಲವೂ ಒಡೆಯನ ಕಿವಿಗೆ ನೇರವಾಗಿ ಬೀಳುವ ಮಾತುಗಳು. ಅಲ್ಲಿ ಯಾವ ಮಾತು ಯಾರದೆಂಬ ಸಂದೇಹಕ್ಕೆ ಎಡೆಯಿಲ್ಲ. ಲೌಕಿಕ ಕಾವ್ಯದಲ್ಲಿ ಅಷ್ಟು ನಿರ್ದಾಕ್ಷಿಣ್ಯವಾಗಿ ಹೊಣೆಯನ್ನು ಹಂಚಿದ ಕವಿಯು ಆಗಮಿಕ ಕಾವ್ಯದಲ್ಲಿ ಪರಂಪರೆ ಕೊಟ್ಟ ದೂತನನ್ನು ಹಾಗೆಯೇ ಉಳಿಸಿಕೊಂಡನು.

ಇಲ್ಲಿ ಪ್ರತಿಗಳ ವಿಷಯವನ್ನೂ ಸ್ವಲ್ಪ ಹೇಳಬೇಕಾಗುತ್ತದೆ. ತಾಡಪತ್ರಗಳಲ್ಲಿ ಮಾತಿನ ಆದಿ ಅಂತ್ಯಗಳನ್ನು ತೋರಿಸುವ ಚಿಹ್ನೆಗಳಿಲ್ಲ. ಸಂಸ್ಕೃತದಲ್ಲಿ 'ಇತಿ', ಹಳಗನ್ನಡದಲ್ಲಿ 'ಎಂದು', 'ಎನೆ', 'ಎಂಬುದುಂ' ಮುಂತಾದ ಪದಗಳು ಮಾತು ಮುಗಿಯಿತೆಂಬುದನ್ನು ತಿಳಿಸುತ್ತವೆಯೇ ಹೊರತು ಎಲ್ಲಿ ಆರಂಭವಾಯಿತೆಂಬುದನ್ನು ತಿಳಿಸುವುದಿಲ್ಲ. ಮಾತಿನೊಳಗೆ ಇನ್ನೊಬ್ಬರ ಮಾತು ಸೇರಿಕೊಂಡಾಗ ತೊಡಕು ಇಮ್ಮಡಿಯಾಗುತ್ತದೆ. ದೂತನು ಮಾತಾಡುತ್ತಿದ್ದಾನೆಂಬುದು ನಿಶ್ಚಿತ. ಅವನು ಭರತನ ಸಂದೇಶವನ್ನು ಯಾವ ಶ್ಲೋಕದಿಂದ ಒಪ್ಪಿಸತೊಡಗಿದನು, ಯಾವ ಶ್ಲೋಕದಲ್ಲಿ ಅದನ್ನು ಮುಗಿಸಿ ತನ್ನ ವ್ಯಾಖ್ಯಾನಕ್ಕೆ ತೊಡಗಿದನು ಎಂಬುದು ಅನಿಶ್ಚಿತ. ಮುದ್ರಿತ ಪುಸ್ತಕಗಳಲ್ಲಿ ಕಾಣುವ ಉದ್ಧರಣಚಿಹ್ನೆಗಳು ಮತ್ತು ವಾಕ್ಯವಿರಾಮಗಳು ಸಂಪಾದಕರು ಹಾಕಿದವು. ಅನುವಾದದಲ್ಲಿ ಈ ಆಯ್ಕೆ ಇನ್ನೂ ಗಟ್ಟಿಯಾಗುತ್ತದೆ. ೧೯೫೧ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ಪಂಡಿತ ಪನ್ನಾಲಾಲ ಜೈನರ ಆವೃತ್ತಿಯು ಮೂಲದೊಂದಿಗೆ ಹಿಂದೀ ಅನುವಾದವನ್ನೂ ಕೊಟ್ಟು ಮಹೋಪಕಾರ ಮಾಡಿದೆ. ಆದರೆ ಅನುವಾದವನ್ನು ಓದುವವನು ಮೂಲದ ಸಂದಿಗ್ಧತೆಯನ್ನು ಅನುಭವಿಸಲಾರ, ಅದು ಯಾವ ಅನುವಾದದ ದೋಷವೂ ಅಲ್ಲ. ಪಾಠಾಂತರಗಳನ್ನು ಅಡಿಯಲ್ಲಿ ಕೊಡುವಂತೆ ವಾಕ್ಯದ ಒಡೆತನದ ಬಗೆಗಿನ ಸಂದೇಹಗಳನ್ನೂ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಒಂದು ಅಕ್ಷರದ ರಕಾರ ಱಕಾರಗಳಿಗೆ ಸಲ್ಲುವ ಎಚ್ಚರಿಕೆ ಇಡೀ ವಾಕ್ಯದ ವಕ್ತೃವಿಗೆ ಸಲ್ಲದಿರುವುದು ವಿಚಿತ್ರವೇ.

ಇನ್ನು ಧರ್ಮಯುದ್ಧದ ಪ್ರಸ್ತಾಪಕ್ಕೆ ಬರಬಹುದು. ಎರಡು ಸೇನೆಗಳು ಎದುರೆದುರು ನಿಂತ ಮೇಲೆ ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಿಂದ ಜಯಾಪಜಯ ನಿರ್ಣಯವಾಗಲಿ ಎಂದು ಸೂಚಿಸಿದವರು ಯಾರು? ಈ ವಿಷಯದಲ್ಲಿ ಪರಂಪರೆ ಒಂದೇ ಅಲ್ಲ. ವಿಮಲಸೂರಿಯ ಪ್ರಾಕೃತ ಪಉಮಚರಿಯದಲ್ಲಿ ಬಾಹುಬಲಿಯೇ ಚಕ್ರಧರನಿಗೆ, ಲೋಕವನ್ನು ಕೊಲ್ಲಿಸಿ ಏನು ಪ್ರಯೋಜನ, ನಾವಿಬ್ಬರೇ ಕಾದೋಣ ಎಂಬ ಭಾವದಲ್ಲಿ ಹೇಳುತ್ತಾನೆ. ವೀರನಿರ್ವಾಣದ ೧೨೦೩ ವರ್ಷಗಳ ಬಳಿಕ, ಎಂದರೆ ಕ್ರಿ.ಶ. ಏಳನೆಯ ಶತಮಾನದಲ್ಲಿ, ರವಿಷೇಣನು ಅದನ್ನೇ ಸಂಸ್ಕೃತಕ್ಕೆ ತಂದಾಗ ಬಾಹುಬಲಿಯು ನಗುತ್ತ ಆ ಮಾತನ್ನಾಡುತ್ತಾನೆ. ಸಾಯಲಿರುವ ಜನರಿಗೆ ಅವನು ಬಳಸುವ ವಿಶೇಷಣ 'ವರಾಕ'. ಪುನ್ನಾಟ ಸಂಘದ ಜಿನಸೇನನ ಹರಿವಂಶಪುರಾಣದಲ್ಲಿ (ಶಕ ೭೦೫, ಕ್ರಿ.ಶ. ೭೮೩) ಪ್ರಸ್ತಾಪವು ಉಭಯ ಪಕ್ಷದ ಮಂತ್ರಿಗಳಿಗೆ ಹೋಗುತ್ತದೆ. ಆದಿಪುರಾಣದ ಜಿನಸೇನರೂ ಮಂತ್ರಿಗಳ ಬಾಯಿಂದಲೇ ಹೇಳಿಸುತ್ತಾರೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರನಲ್ಲಿ ದೇವತೆಗಳು ನಡುವೆ ಬರುತ್ತಾರೆ.

ಹೀಗೆ ದಯೆಯ ಮಾತು ನಾಯಕನ ಬಾಯಿಂದ ಮಂತ್ರಿಗಳಿಗೆ, ಅಲ್ಲಿಂದ ದೇವತೆಗಳಿಗೆ ಜಾರಿತು. ಇದರಿಂದ ಕಾವ್ಯಕ್ಕೆ ಲಾಭವೂ ಆಗಿದೆ, ನಷ್ಟವೂ ಆಗಿದೆ. ಯುದ್ಧಕ್ಕೆ ಮೊದಲೇ ಬಾಹುಬಲಿಯು ಕರುಣೆಯ ಮಾತಾಡಿಬಿಟ್ಟರೆ ಗೆದ್ದ ಮೇಲೆ ಬರುವ ವೈರಾಗ್ಯವು ಅಷ್ಟು ಆಕಸ್ಮಿಕವಾಗಿ, ಅಷ್ಟು ಉಜ್ಜ್ವಲವಾಗಿ ತೋರುವುದಿಲ್ಲ. ಅದನ್ನು ಉಳಿಸಿಕೊಂಡುದು ಜಿನಸೇನರ ಲಾಭ. ನಷ್ಟವೆಂದರೆ, ೩೫ನೆಯ ಪರ್ವದ ಅಷ್ಟು ದೊಡ್ಡ ಉತ್ತರದಲ್ಲಿ ಸ್ವಾಭಿಮಾನಕ್ಕೆ ದೊರೆತ ಸ್ಥಾನ ಪ್ರಜೆಗಳಿಗೆ ದೊರೆಯಲಿಲ್ಲ. ವಾದದಲ್ಲಿ ಗೆದ್ದ ಬಾಹುಬಲಿಯು ಆ ಕ್ಷಣದಲ್ಲಿ ಅಣ್ಣನಷ್ಟೇ ಯುದ್ಧೋದ್ಯುಕ್ತನು ಎಂಬುದನ್ನು ಭಕ್ತಿಯು ಮರೆಮಾಡಬಾರದು.

ಮಂತ್ರಿಗಳ ವಾದವಾದರೂ ಎಂಥದು? ಇಬ್ಬರೂ ಚರಮದೇಹಧಾರಿಗಳು, ಇದು ಅವರ ಕಡೆಯ ಜನ್ಮ, ಆದ್ದರಿಂದ ಯುದ್ಧದಲ್ಲಿ ಇವರಿಗೆ ಯಾವ ಹಾನಿಯೂ ಆಗದು, ಆಗುವುದು ಎರಡು ಕಡೆಯ ಜನಕ್ಷಯ ಮಾತ್ರ. ಸಿದ್ಧಾಂತದ ಭಾಷೆಯಲ್ಲಿ ಹೇಳಿದ ಈ ಮಾತಿನಲ್ಲಿ ಇರುವಷ್ಟು ಕಹಿ ಇಡೀ ಪ್ರಸಂಗದಲ್ಲಿ ಬೇರೆಲ್ಲೂ ಇಲ್ಲ. ಸಭೆಯಲ್ಲಿ ಗರ್ಜಿಸಿದವರಿಗೆ ಆಗಮವೇ ಅಭಯ ಕೊಟ್ಟಿದೆ. ಸಾಯಬೇಕಾದವರಿಗೆ ಸಭೆಯಲ್ಲಿ ಮಾತೇ ಇರಲಿಲ್ಲ. ರವಿಷೇಣನು 'ವರಾಕ' ಎಂದುದು ಇವರನ್ನೇ. ಇಂಥವರು ಕಾವ್ಯಗಳಿಗೆ ಬಂದುದು ಕಡಿಮೆ, ಕಲ್ಲುಗಳಿಗೆ ಬಂದಿದ್ದಾರೆ. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ೭ನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳೂ ೧೧ನೆಯದರಲ್ಲಿ ಜಗಳೂರು ತಾಲ್ಲೂಕಿನವೂ ಸೇರಿವೆ. ೨೦೧೮ರಲ್ಲಿ ಪ್ರತ್ಯೇಕ ತಾಲ್ಲೂಕಾದ ನ್ಯಾಮತಿಯು ಆ ಕಾಲಕ್ಕೆ ಹೊನ್ನಾಳಿಯೊಳಗೇ ಇತ್ತು. ಬನವಾಸಿ ಮತ್ತು ನೊಳಂಬವಾಡಿ ನಾಡುಗಳ ನಡುವಣ ಈ ಸೀಮೆಯ ವೀರಗಲ್ಲುಗಳನ್ನು ಓದಿದವರಿಗೆ ಗೊತ್ತು: ಅಲ್ಲಿ ಆಳುವ ಅರಸನ ಬಿರುದುಗಳು, ಕಾದಿದವನ ಹೆಸರು, ಅವನು ಇರಿದು ಸತ್ತು ಸುರಲೋಕಕ್ಕೆ ಹೋದನೆಂಬ ಹೇಳಿಕೆ ಇರುತ್ತವೆ, ಯುದ್ಧಕ್ಕೆ ಮುನ್ನ ಅವನು ಏನೆಂದನೆಂಬುದು ಇರುವುದಿಲ್ಲ. ಪುರಾಣದ ಮಂತ್ರಿಗಳು ಅಂಥವನ ಪರವಾಗಿ ಒಂದು ಮಾತನ್ನಾದರೂ ಆಡಿದರು ಎಂಬುದು ಜೈನ ಪರಂಪರೆಗೆ ಸಲ್ಲುವ ಗೌರವ.

ಗೆಲವಿನ ಅನಂತರ ಪಂಪನ ಬಾಹುಬಲಿಯು ಆಡುವ ಮಾತನ್ನು ಯುದ್ಧಪೂರ್ವದ ಉತ್ತರದ ಜೊತೆಗಿಟ್ಟು ಓದುವವರು ವಿರಳ. ಅಣ್ಣತಮ್ಮಂದಿರಲ್ಲಿಯೂ ತಂದೆಮಕ್ಕಳಲ್ಲಿಯೂ ಕಲಹವನ್ನು ಹುಟ್ಟಿಸುವ ರಾಜ್ಯಲಕ್ಷ್ಮಿಯನ್ನು ಜರೆದು, ಅಣ್ಣನು ಒಲಿದ ಹೆಣ್ಣಿಗಾಗಲಿ ನೆಲಕ್ಕಾಗಲಿ ತಾನು ಆಸೆಪಟ್ಟರೆ ಕೀರ್ತಿ ಮಾಸುವುದೆಂದು ಹೇಳಿ, ಎಲ್ಲವನ್ನೂ ಅವನಿಗೇ ಬಿಟ್ಟುಕೊಡುತ್ತಾನೆ. ದೂತನ ಮುಂದೆ ಆ ನೆಲವು ತಂದೆ ತನಗೆ ಕೊಟ್ಟ ನೆಲವಾಗಿತ್ತು. ಈಗ ಅದು ಅಣ್ಣನು ಒಲಿದ ನೆಲವಾಗಿದೆ. ತರ್ಕದಿಂದ ನೋಡಿದರೆ ಇದು ಪೂರ್ವಾಪರವಿರೋಧ. ಆದರೆ ಇಲ್ಲಿಯೇ ಪಂಪನ ಹೆಚ್ಚುಗಾರಿಕೆಯಿದೆ. ಹಿಂದಿನ ಮಾತಿನ ಹಕ್ಕನ್ನು ಖಂಡಿಸದೆ, ಹಿಂತೆಗೆದುಕೊಳ್ಳದೆ, ಆ ಹಕ್ಕಿನಿಂದಲೇ ದಾನವನ್ನು ಮಾಡಿಸಿದ್ದಾನೆ. ತನ್ನದಲ್ಲದುದನ್ನು ಯಾರೂ ಬಿಟ್ಟುಕೊಡಲಾರರು. ಕತ್ತಿಗೆ ಹೆದರಿ ಬಾಗದವನು ಕತ್ತಿ ಬಿದ್ದುಹೋದ ಮೇಲೆ ಬಾಗಬಲ್ಲನೆಂಬುದನ್ನು ತೋರಿಸಿದರೆ ಮಾತ್ರ ಅಂಜಿಕೆಯನ್ನು ಕುರಿತ ಆ ಮೊದಲಿನ ಮಾತು ನಿಜವಾಗುತ್ತದೆ. ಮತ್ತೊಂದು ಅಂಶ: ಈ ಸಂದರ್ಭದಲ್ಲಿ ನಡುವೆ ದೂತನಿಲ್ಲ. ತಮ್ಮನು ಅಣ್ಣನಿಗೆ ನೇರವಾಗಿ ನುಡಿಯುತ್ತಾನೆ.

ದೂತನಿಲ್ಲದ ಈ ಮಾತನ್ನು ಯುದ್ಧಕ್ಕೆ ಮೊದಲೇ ಆಡಿಸಿದರೆ ಏನಾಗುತ್ತದೆ? ಹದಿನಾರನೆಯ ಶತಮಾನದ ರತ್ನಾಕರವರ್ಣಿಯು ಭರತೇಶವೈಭವದಲ್ಲಿ ಕೊಟ್ಟ ಉತ್ತರ ಅದೇ. ಅವನಲ್ಲಿಯೂ ದೂತಕಾರ್ಯವಿದೆ. ದಕ್ಷಿಣಾಂಕನು ಕಾಮದೇವನಾದ ಬಾಹುಬಲಿಯ ಬಳಿಗೆ ಹೋಗಿ ನಯವಾಗಿ ಮಾತಾಡಿ ವಿಫಲನಾಗಿ ಮರಳುತ್ತಾನೆ. ಸಂಧಿಗಳ ಹೆಸರುಗಳೇ ಕಥೆಯ ನಡೆಯನ್ನು ತಿಳಿಸುತ್ತವೆ: ಸಂಧಾನಭಂಗ, ಕಟಕವಿನೋದ, ಮದನಸನ್ನಾಹ, ಆಮೇಲೆ ರಾಜೇಂದ್ರಗುಣವಾಕ್ಯ, ಚಿತ್ತಜನಿರ್ವೇಗ. ಯುದ್ಧವೆಂಬ ಸಂಧಿಯೊಂದು ಬರಬೇಕಾದ ಸ್ಥಾನದಲ್ಲಿ ಗುಣವಾಕ್ಯ ಬಂದಿದೆ. ಭರತನು ಸೇನೆಯೆಲ್ಲ ನೋಡುತ್ತಿರಲು ಸ್ವತಃ ತಮ್ಮನೆದುರಿಗೆ ನಿಂತು, ಸೋದರಭಾವವನ್ನು ನೆನಪಿಸಿ, ಕಾದದೆಯೇ ಗೆಲವು ನಿನ್ನದೆಂದು ಒಪ್ಪಿ, ಚಕ್ರರತ್ನವನ್ನೇ ತಮ್ಮನ ಸೇವೆಗೆ ಹೋಗೆನ್ನುತ್ತಾನೆ. ಬಾಹುಬಲಿಯ ಮನಸ್ಸು ಕರಗಿ ನಿರ್ವೇಗ ಹುಟ್ಟುತ್ತದೆ.

ಪೂರ್ವಪುರಾಣಕ್ಕೆ ಇದು ವಿರುದ್ಧವೆಂದು ಪಂಡಿತರು ಆಕ್ಷೇಪಿಸುವುದು ಸಹಜ. ಆಕ್ಷೇಪವು ನಿರಾಧಾರವೂ ಅಲ್ಲ. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿ ಹಿಡಿದ ಬಾಹುಬಲಿಯ ಚಿತ್ರವನ್ನು ಕಳೆದುಕೊಂಡರೆ ಗೊಮ್ಮಟನ ನಿಲುವಿಗೆ ಹಿನ್ನೆಲೆಯೇ ಇಲ್ಲವಾಗುತ್ತದೆ. ಕಾವ್ಯದೃಷ್ಟಿಯಿಂದಲೂ ಒಂದು ದೋಷವಿದೆ. ಭರತನು ಸೋಲಬಾರದೆಂದು ಕವಿಯು ಮೊದಲೇ ನಿಶ್ಚಯಿಸಿರುವುದರಿಂದ ಅವನು ಬಾಯಲ್ಲಿ ಒಪ್ಪಿಕೊಂಡ ಸೋಲಿಗೆ ಬೆಲೆ ತೆರಬೇಕಾಗುವುದಿಲ್ಲ. ಬಾಹುಬಲಿಗೆ ಉಳಿಯುವುದು ನಾಚಿಕೆ ಮಾತ್ರ. ಆದರೂ ಜಿನಸೇನರ ದೂತನ ಪಕ್ಕದಲ್ಲಿಟ್ಟು ನೋಡಿದರೆ ರತ್ನಾಕರನು ಮಾಡಿದ ತಿದ್ದುಪಡಿಯ ಉದ್ದೇಶ ಸ್ಪಷ್ಟವಾಗುತ್ತದೆ. ಸಂಧಾನವು ಭಂಗವಾದುದು ಪರರ ಬಾಯಿಂದ ಆಡಿಸಿದುದರಿಂದ. ಕೂಡಿಬಂದುದು ತಾನೇ ಆಡಿದುದರಿಂದ. ಭರತನ ಮೇಲೆ ಬಂದಿದ್ದ ಅಪವಾದಕ್ಕೆ ಮೂಲ ಎಲ್ಲಿದೆಯೆಂಬುದನ್ನು ಅವನು ಯಾವ ವಿಮರ್ಶಕನಿಗಿಂತಲೂ ಮೊದಲು ಕಂಡುಹಿಡಿದು, ಕಥೆಯನ್ನೇ ಬದಲಿಸಿ ಪರಿಹರಿಸಲು ಯತ್ನಿಸಿದನು.

ಕಥೆಯನ್ನು ಬದಲಿಸದೆಯೇ ಪರಿಹಾರ ಸಾಧ್ಯವಿತ್ತೆಂಬುದು ಬೇರೆ ಮಾತು. ೩೫ನೆಯ ಪರ್ವದಲ್ಲಿ 'ನಿಸೃಷ್ಟಾರ್ಥ' ಮತ್ತು 'ಸ್ವಾತಂತ್ರ್ಯ' ಎಂಬ ಎರಡು ಪದಗಳನ್ನು ಜೋಡಿಸಿ ಓದಿದರೆ, ಬೆದರಿಕೆಯ ಶ್ಲೋಕಗಳು ಭರತನ ಸಂದೇಶದ ಭಾಗವಲ್ಲ, ಅಧಿಕಾರ ಪಡೆದ ದೂತನು ಬೆಳೆಸಿದ ಮಾತು ಎಂದು ಪ್ರತಿಪಾದಿಸಲು ಸಾಕಷ್ಟು ಆಧಾರವಿದೆ. ಆ ಅಧಿಕಾರವನ್ನು ಕೊಟ್ಟವನು ಭರತನೇ ಎಂಬ ಬಾಹುಬಲಿಯ ಪ್ರತ್ಯುತ್ತರವೂ ಅಲ್ಲಿಯೇ ಇದೆ. ತಾಡಪತ್ರಗಳ ಆಧಾರದಿಂದ ಹೊಸ ಆವೃತ್ತಿಯನ್ನು ಸಿದ್ಧಪಡಿಸುವವರು ದೂತನ ಭಾಷಣದೊಳಗೆ ಉದ್ಧರಣಚಿಹ್ನೆ ಹಾಕುವ ಮುನ್ನ ಆ ಪ್ರತ್ಯುತ್ತರವನ್ನು ಒಮ್ಮೆ ಓದಿಕೊಂಡು, ಹಾಕಿದ ಸ್ಥಳವು ತಮ್ಮ ಊಹೆಯೆಂದು ಅಡಿಟಿಪ್ಪಣಿಯಲ್ಲಿ ಸೂಚಿಸುವುದು ಯುಕ್ತ.